ಬಂದ, ಬಂದಾನ, ಬಂದಿಲ್ಲ: ನಾಲತವಾಡದ ಇಂಗ್ಲಿಷ್ ತರಗತಿಯ ಪಾಠಗಳು

ಮುದ್ದೇಬಿಹಾಳ ತಾಲೂಕಿನ ನಾಲತವಾಡದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸತೊಡಗಿದ ಮೊದಲ ವರ್ಷ, ಕ್ರಿಯಾಪದಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ ದಿನಾ ಹತ್ತರಂತೆ ಬಾಯಿಪಾಠ ಮಾಡಿಸಿದೆ. ‘ಗೋ, ವೆಂಟ್, ಗಾನ್’ ಎಂದು ಇಡೀ ತರಗತಿ ಒಂದೇ ಉಸಿರಿಗೆ ಹೇಳುತ್ತಿತ್ತು. ಪರೀಕ್ಷೆಯಲ್ಲಿ ಅದೇ ಮಕ್ಕಳು ‘ಐ ಡಿಡ್ ನಾಟ್ ವೆಂಟ್’ ಎಂದು ಬರೆದರು. ತಪ್ಪು ನಾನು ಕಲಿಸಿದ ಕ್ರಮದಲ್ಲಿತ್ತು. ಆಮೇಲೆ ಕಲಿತದ್ದು ಇದು.

1. ಮೊದಲು ಕನ್ನಡದ ಹಟಮಾರಿ ಕ್ರಿಯಾಪದಗಳನ್ನು ಬೋರ್ಡಿನ ಮೇಲೆ ಬರೆಯಿರಿ. ‘ಮಾಡು’ ಮಾಡಿದ ಆಗುತ್ತದೆ, ಆದರೆ ‘ಕೊಡು’ ಕೊಡಿದ ಆಗುವುದಿಲ್ಲ, ಕೊಟ್ಟ. ಬೀಳು ಬಿದ್ದ, ನಿಲ್ಲು ನಿಂತ, ಸಾಯು ಸತ್ತ. ಇವನ್ನು ಯಾವ ಮಗುವೂ ಪಟ್ಟಿ ನೋಡಿ ಕಲಿತಿಲ್ಲ, ಅವ್ವನ ಮಾತು ಕೇಳಿ ಕಲಿತಿದೆ. ದಿನವೂ ಬಾಯಲ್ಲಿ ಆಡುವ ಮಾತೇ ಹಳೆಯ ರೂಪ ಉಳಿಸಿಕೊಳ್ಳುತ್ತದೆ, ಇಂಗ್ಲಿಷಿನಲ್ಲೂ ಹಾಗೆಯೇ.

2. ‘ಡಿಡ್’ ಬಂದಾಗ ‘ಬರಲಿಲ್ಲ’ ನೆನಪಿಸಿ. ‘ಬಂದ’ ಎನ್ನುವ ಮಗು ‘ಬಂದಲಿಲ್ಲ’ ಎನ್ನುವುದಿಲ್ಲ. ‘ಲಿಲ್ಲ’ ಸೇರಿದ ಕೂಡಲೇ ಕ್ರಿಯಾಪದ ತನ್ನ ಮೂಲಕ್ಕೆ ಮರಳುತ್ತದೆ. ‘ಡಿಡ್ ನಾಟ್ ಕಮ್’ ಕೂಡ ಅದೇ ಲೆಕ್ಕ.

3. ಮೂರನೆಯ ರೂಪವನ್ನು ಮಕ್ಕಳ ಮನೆಯಿಂದಲೇ ತೆಗೆಯಿರಿ. ನಮ್ಮ ಭಾಗದಿಂದ ಗೋವಾ, ಮಂಗಳೂರು ಕಡೆ ಗುಳೆ ಹೋಗುವ ಮನೆಗಳು ಬಹಳ. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಗೆ, ‘ನಿಮ್ಮಪ್ಪ ಎಲ್ಲಿ ಅದಾನವ್ವಾ?’ ಎಂದೆ. ‘ಗೋವಾಕ್ಕ ಹೋಗ್ಯಾನ್ರಿ ಸರ’ ಎಂದಳು. ಹೋಗ್ಯಾನ ಎಂದರೆ ಹೋದವನು ಇನ್ನೂ ಅಲ್ಲೇ ಇದ್ದಾನೆ: ‘ಹ್ಯಾಸ್ ಗಾನ್’. ಪಕ್ಕದವಳು, ‘ನಮ್ಮಪ್ಪ ಹೋಗಿ ಬಂದಾನ್ರಿ’ ಎಂದಳು: ‘ಹ್ಯಾಸ್ ಬೀನ್’. ಎಷ್ಟೋ ಪದವೀಧರರು ತಡವರಿಸುವ ವ್ಯತ್ಯಾಸವನ್ನು ಇಬ್ಬರು ಹುಡುಗಿಯರು ಅರ್ಧ ನಿಮಿಷದಲ್ಲಿ ಬಿಡಿಸಿಟ್ಟರು. ‘ಬರಲಿಲ್ಲ’ ಮತ್ತು ‘ಬಂದಿಲ್ಲ’ ನಡುವೆಯೂ ಇಂಥದೇ ಒಂದು ಅಂತರ, ‘ಡಿಡ್ ನಾಟ್ ಕಮ್’ ಮತ್ತು ‘ಹ್ಯಾಸ್ ನಾಟ್ ಕಮ್’ ನಡುವಿನದು. ಬಂದಿಲ್ಲ ಎನ್ನುವಾಗ ಇನ್ನೂ ದಾರಿ ಕಾಯುತ್ತಿದ್ದೇವೆ. ನಾನು ಪಟ್ಟಿಯನ್ನು ಗೋಡೆಯಿಂದ ತೆಗೆದದ್ದು ಆ ದಿನ.

4. ಕನ್ನಡ ಕೈಕೊಡುವ ಜಾಗವನ್ನೂ ಮುಚ್ಚಿಡದೆ ಹೇಳಿ. ‘ನಿನ್ನೆ ಬಂದಾನ’ ನಮ್ಮಲ್ಲಿ ಸರಿ. ಇಂಗ್ಲಿಷಿನಲ್ಲಿ ‘ನಿನ್ನೆ’ ಬಂದರೆ ‘ಹ್ಯಾಸ್’ ಇರಕೂಡದು, ಬರೀ ‘ಕೇಮ್’. ಗಡಿಗೆ ಒಡೆದ ಹುಡುಗನಿಗೂ ಒಡೆದ ಗಡಿಗೆಗೂ ನಮ್ಮಲ್ಲಿ ಒಂದೇ ರೂಪ ಸಾಕು. ‘ಬ್ರೋಕನ್’ ಆಗುವುದು ಗಡಿಗೆ ಮಾತ್ರ.

5. ಪಟ್ಟಿ ಕೊಡಲೇಬೇಕಾದರೆ ದನಿ ನೋಡಿ ಗುಂಪು ಮಾಡಿ. ಸಿಂಗ್, ಸ್ಯಾಂಗ್, ಸಂಗ್ ಜೊತೆ ರಿಂಗ್. ಬಾಟ್ ಜೊತೆ ಬ್ರಾಟ್, ಥಾಟ್.

6. ‘ವಾಕೆಡ್’ ಎಂಬ ಉಚ್ಚಾರವನ್ನು ವರ್ಣಮಾಲೆಯೇ ತಿದ್ದುತ್ತದೆ. ಕ್ರಿಯಾಪದ ಕ, ಚ, ಪ ಎಂಬ ವರ್ಗದ ಮೊದಲ ಅಕ್ಷರಗಳ ದನಿಯಲ್ಲೋ ಸ, ಶ, ಫ ದನಿಯಲ್ಲೋ ಮುಗಿದರೆ ಕೊನೆಗೆ ‘ಟ್’: ವಾಕ್ಟ್, ಹೆಲ್ಪ್ಟ್. ಟ, ಡ ಆದರೆ ‘ಇಡ್’: ವಾಂಟಿಡ್. ಉಳಿದಲ್ಲೆಲ್ಲ ‘ಡ್’: ಪ್ಲೇಡ್.

7. ‘ವೆಂಟ್’ ಯಾಕೆ ಹೀಗೆ ಎಂದು ಕೇಳುವ ಮಗುವನ್ನು ಸುಮ್ಮನಾಗಿಸಬೇಡಿ. ಅದು ‘ವೆಂಡ್’ ಎಂಬ ಬೇರೊಂದು ಕ್ರಿಯಾಪದದ ಭೂತರೂಪ. ‘ಗೋ’ ಮನೆಗೆ ಬಂದು ಅಲ್ಲೇ ಉಳಿಯಿತು. ಈ ಕಥೆ ಕೇಳಿದ ಮಗು ಅದನ್ನು ಮರೆತದ್ದು ನಾನು ಕಂಡಿಲ್ಲ.

ಹಳ್ಳಿಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರರಲ್ಲಿ, ಅಕ್ಕೋರಲ್ಲಿ ನನ್ನದೊಂದು ವಿನಂತಿ: ಪಟ್ಟಿ ಬಿಚ್ಚುವ ಮೊದಲು, ‘ನಿಮ್ಮ ಮನ್ಯಾಗ ಯಾರು ಊರು ಬಿಟ್ಟು ಹೋಗ್ಯಾರ, ಯಾರು ಬಂದಾರ?’ ಎಂದು ಮಕ್ಕಳನ್ನು ಒಮ್ಮೆ ಕೇಳಿ.