ಓಡುವ ಮಕ್ಕಳಿಗೆ ಎಷ್ಟು ಭಾರ, ಎಷ್ಟು ಬಿಡುವು?

ಶಾಲಾ ಕ್ರೀಡಾಕೂಟಗಳು ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಏರುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳೂ ಏರುತ್ತವೆ. ಈ ಸಲ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವೇ ಹೆಚ್ಚು. ಬರೆದವರ ಹೆಸರು ಬಿಟ್ಟು ಪ್ರಶ್ನೆಗಳನ್ನಷ್ಟೇ ಕೊಡುತ್ತಿದ್ದೇನೆ.

ಮೇಡಂ, ನನ್ನ ಮಗನಿಗೆ 13 ವರ್ಷ, ಎಂಟನೇ ಕ್ಲಾಸು. ಹೋಬಳಿ ಮಟ್ಟದಲ್ಲಿ 100 ಮತ್ತು 200 ಮೀಟರ್ ಎರಡರಲ್ಲೂ ಮೊದಲು ಬಂದ. ಈಗ ಅವರ ದೊಡ್ಡಪ್ಪನ ಮಗನ ಜೊತೆ ಜಿಮ್‌ಗೆ ಹೋಗ್ತೀನಿ ಅಂತ ಹಟ. ನಮ್ಮ ಅತ್ತೆಯವರು ‘ಈ ವಯಸ್ಸಲ್ಲಿ ಭಾರ ಎತ್ತಿದ್ರೆ ಹುಡುಗ ಕುಳ್ಳಗೇ ಉಳ್ಕೋತಾನೆ’ ಅಂತಾರೆ. ಯಾರ ಮಾತು ಕೇಳಲಿ?
— ಒಬ್ಬ ತಾಯಿ, ಗುಬ್ಬಿ

ನಿಮ್ಮ ಅತ್ತೆಯವರ ಭಯ ಹುಟ್ಟಿದ್ದಕ್ಕೂ ಒಂದು ಕಾರಣ ಇದೆ. ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯ ಹತ್ತಿರ ಮೃದುವಾದ ಒಂದು ತೆಳು ಪದರ ಇರುತ್ತದೆ. ಎತ್ತರ ಬೆಳೆಯುವುದು ಅಲ್ಲಿಂದ. ಆ ಪದರಕ್ಕೆ ಬಲವಾದ ಪೆಟ್ಟು ಬಿದ್ದರೆ ಆ ಮೂಳೆಯ ಬೆಳವಣಿಗೆ ಕೆಡಬಹುದು, ನಿಜ. ಆದರೆ ಅಂಥ ಪೆಟ್ಟು ಬೀಳುವುದು ಮರದಿಂದ ಬಿದ್ದಾಗ, ಬೈಕಿನಿಂದ ಬಿದ್ದಾಗ, ಇಲ್ಲವೇ ನೋಡಿಕೊಳ್ಳುವವರಿಲ್ಲದೆ ‘ಯಾರು ಜಾಸ್ತಿ ಎತ್ತುತ್ತೀರೋ ನೋಡೋಣ’ ಎಂದು ಹುಡುಗರು ಪಂದ್ಯ ಕಟ್ಟಿದಾಗ. ಬಲ್ಲವರ ಕಣ್ಣೆದುರು ಹಂತಹಂತವಾಗಿ ಮಾಡಿದ ವ್ಯಾಯಾಮದಿಂದ ಎತ್ತರ ಕುಂಠಿತವಾಗುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. 2014ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಕೊಟ್ಟ ಹೇಳಿಕೆಯ ಸಾರವೂ ಇದೇ, ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2020ರಲ್ಲಿ ಹೊರಡಿಸಿದ ವರದಿಯ ಸಾರವೂ ಇದೇ.

ಇನ್ನೊಂದು ಮಾತು. ನಿಮ್ಮ ಮಗ ಜೋರಾಗಿ ಓಡುವಾಗ ಒಂದೊಂದು ಹೆಜ್ಜೆಗೂ ಅವನ ಒಂಟಿ ಕಾಲಿನ ಮೇಲೆ ಮೈತೂಕದ ಮೂರು ಪಟ್ಟಿನಷ್ಟು ಭಾರ ಬೀಳುತ್ತದೆ. ಅದಕ್ಕೆ ಯಾರೂ ಹೆದರುವುದಿಲ್ಲ. ತೋಟದಲ್ಲಿ ತೆಂಗಿನಕಾಯಿ ಮೂಟೆ ಹೊರಿಸುವಾಗಲೂ ಎತ್ತರದ ಮಾತು ಬರುವುದಿಲ್ಲ. ಐದು ಕಿಲೋ ಡಂಬೆಲ್ ಕಂಡಾಗ ಮಾತ್ರ ಬರುತ್ತದೆ.

ಹಾಗಂತ ಅವನನ್ನು ಅಣ್ಣನ ಜಿಮ್‌ಗೆ ಕಳಿಸಿ ಎನ್ನುತ್ತಿಲ್ಲ. ಅಲ್ಲಿ ಅಣ್ಣಂದಿರು ಕನ್ನಡಿ ನೋಡಿಕೊಂಡು ಎದೆ, ತೋಳು ಬೆಳೆಸುತ್ತಾರೆ. ಓಟಗಾರನ ಬಲ ಇರಬೇಕಾದದ್ದು ಪಿರ್ರೆಯಲ್ಲಿ, ತೊಡೆಯ ಹಿಂಭಾಗದಲ್ಲಿ, ಮೀನಖಂಡದಲ್ಲಿ, ಸೊಂಟದ ಸುತ್ತ. ಅದಕ್ಕೆ ಮೊದಲ ಮೂರು ತಿಂಗಳು ನಿಮ್ಮ ಮನೆಯ ಜಗಲಿ ಸಾಕು. ವಾರಕ್ಕೆ ಎರಡು ದಿನ, ನಡುವೆ ಎರಡು ದಿನ ಬಿಡುವಿಟ್ಟು, ಅರ್ಧ ಗಂಟೆ. ಬಸ್ಕಿ ಹೊಡೆಯಲಿ, ದಂಡ ಹೊಡೆಯಲಿ. ಒಂದು ಕಾಲನ್ನು ಜಗಲಿಯ ಮೇಲಿಟ್ಟು ಆ ಕಾಲಿನ ಬಲದಲ್ಲೇ ಮೇಲೆ ಹತ್ತಲಿ, ನಿಧಾನವಾಗಿ ಇಳಿಯಲಿ. ನೆಟ್ಟನೆಯ ಕೋಲೊಂದನ್ನು ಬೆನ್ನಿಗೆ ಉದ್ದಕ್ಕೆ ಹಿಡಿದು, ಬೆನ್ನು ಬಾಗದ ಹಾಗೆ ಸೊಂಟದಿಂದ ಮುಂದಕ್ಕೆ ಬಗ್ಗುವುದನ್ನು ಕಲಿಯಲಿ. ಮುಂದೆ ಯಾವ ಭಾರ ಎತ್ತಿದರೂ ಬೆನ್ನು ಉಳಿಸುವುದು ಇದೊಂದು ಕಲಿಕೆ. ಹಿಮ್ಮಡಿ ಏಳದೆ, ಮಂಡಿ ಒಳಕ್ಕೆ ಬೀಳದೆ 15 ಬಸ್ಕಿ ಬಂದ ಮೇಲೆ ಪುಸ್ತಕ ತುಂಬಿದ ಬ್ಯಾಗು ಬೆನ್ನಿಗೆ ಬರಲಿ. ಪ್ರತಿ ಸಲವೂ ‘ಇನ್ನು ಎರಡು ಮೂರು ಮಾಡಬಲ್ಲೆ’ ಅನ್ನಿಸುವಾಗಲೇ ನಿಲ್ಲಿಸಬೇಕು. ಒಂದೇ ಸಲಕ್ಕೆ ಎಷ್ಟು ಎತ್ತಬಲ್ಲೆ ಎಂಬ ಪರೀಕ್ಷೆ ಈಗ ಬೇಡವೇ ಬೇಡ.

ಒಂದು ಎಚ್ಚರಿಕೆ: ತೋಳು ದಪ್ಪಗಾಗುವುದಿಲ್ಲ, ಹುಡುಗ ಬೇಸರ ಮಾಡಿಕೊಳ್ಳುತ್ತಾನೆ. ಈ ವಯಸ್ಸಿನಲ್ಲಿ ಬಲ ಹೆಚ್ಚುವುದು ಬಹುಪಾಲು ನರಗಳು ಸ್ನಾಯುಗಳನ್ನು ಚೆನ್ನಾಗಿ ದುಡಿಸಲು ಕಲಿಯುವುದರಿಂದ. ಸ್ನಾಯು ಉಬ್ಬುವುದು ಗಡಸು ದನಿ ಬಂದ ಮೇಲೆ.

ಬಾಗಿಲ ಚೌಕಟ್ಟಿನಲ್ಲಿ ಮೂರು ತಿಂಗಳಿಗೊಮ್ಮೆ ಅವನ ಎತ್ತರ ಗುರುತು ಹಾಕಿ. ಮೂರು ತಿಂಗಳಲ್ಲಿ 2 ಸೆಂಟಿಮೀಟರಿಗಿಂತ ಹೆಚ್ಚು ಏರಿದ್ದರೆ ಅವನು ಧಾವಿಸಿ ಬೆಳೆಯುತ್ತಿದ್ದಾನೆ ಎಂದು ಅರ್ಥ. ಮೂಳೆ ಮುಂದೆ ಹೋಗಿ ಸ್ನಾಯು ಹಿಂದೆ ಉಳಿಯುವ ಆ ತಿಂಗಳುಗಳಲ್ಲಿ ಮಂಡಿಚಿಪ್ಪಿನ ಕೆಳಗೆ, ಹಿಮ್ಮಡಿಯಲ್ಲಿ ನೋವು ಬರುವುದು ಸಾಮಾನ್ಯ. ಆಗ ಜಿಗಿತ ಕಡಿಮೆ ಮಾಡಬೇಕು. ಓಟ ಪೂರ್ತಿ ಬಿಡಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ನಾನು ಹೈಸ್ಕೂಲ್ ಪಿ.ಟಿ. ಮೇಷ್ಟ್ರು. ತಾಲ್ಲೂಕು ಕೂಟಕ್ಕೆ ಎರಡು ತಿಂಗಳಿದೆ. ಮಣ್ಣಿನ ಮೈದಾನ, 40 ಮಕ್ಕಳು, ಒಂದು ಸ್ಟಾಪ್‌ವಾಚು, ನಾನೊಬ್ಬ. ದಿನಾ ಬೆಳಗ್ಗೆ ಹತ್ತು ಸುತ್ತು ಓಡಿಸಿ, ಆಮೇಲೆ 100 ಮೀಟರ್ ನಾಲ್ಕೈದು ಸಲ ಓಡಿಸುತ್ತೇನೆ. ಮಕ್ಕಳು ಗಟ್ಟಿಯಾಗಿದ್ದಾರೆ, ಆದರೆ 100 ಮೀಟರ್ ಟೈಮಿಂಗ್ ಇಳಿಯುತ್ತಿಲ್ಲ.
— ದೈಹಿಕ ಶಿಕ್ಷಕರು, ಕುಣಿಗಲ್ ತಾಲ್ಲೂಕು

ಮೇಷ್ಟ್ರೇ, ಹತ್ತು ಸುತ್ತು ಬಿಟ್ಟುಬಿಡಿ. ಇಡೀ ಜಿಲ್ಲೆಯಲ್ಲಿ ವೇಗವನ್ನು ಕೊಲ್ಲುತ್ತಿರುವುದು ಈ ಸುತ್ತುಗಳೇ ಎಂದು ನನ್ನ ಗಟ್ಟಿ ಅಭಿಪ್ರಾಯ. ದಣಿದ ಮೇಲೆ ಓಡಿದ 100 ಮೀಟರ್‌ನಲ್ಲಿ ಮಗು ಕಲಿಯುವುದು ನಿಧಾನವಾಗಿ ಓಡುವುದನ್ನು. ಅದನ್ನೇ ದಿನಕ್ಕೆ ನಾಲ್ಕೈದು ಸಲ ಅಭ್ಯಾಸ ಮಾಡಿಸಿದರೆ ಅದೇ ರೂಢಿಯಾಗುತ್ತದೆ.

ವೇಗ ಬರುವುದು ಮೈ ಬೆಚ್ಚಗಿದ್ದು ದಣಿವಿಲ್ಲದಾಗ. ಹತ್ತು ಹದಿನೈದು ನಿಮಿಷ ಮೈ ಬಿಸಿ ಮಾಡಿಸಿ: ನಿಧಾನದ ಓಟ, ಮಂಡಿ ಎತ್ತಿ ಹೆಜ್ಜೆ, ಕುಪ್ಪಳಿಸುವುದು, 60 ಮೀಟರ್ ದೂರದ ಎರಡು ಮೂರು ಏರುವೇಗದ ಓಟ. ಆಮೇಲೆ ನೇರ ವೇಗಕ್ಕೆ ಬನ್ನಿ. ದೂರ 30 ಮೀಟರ್ ಸಾಕು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡ್ ಓಡಿದಾಗ ಅವನ ಅತಿ ಹೆಚ್ಚಿನ ವೇಗ ಬಂದದ್ದು 60ರಿಂದ 80 ಮೀಟರ್ ನಡುವೆ. ನಿಮ್ಮ ಮಕ್ಕಳು 30-40 ಮೀಟರ್‌ಗೇ ತಮ್ಮ ತುದಿವೇಗ ಮುಟ್ಟಿಬಿಡುತ್ತಾರೆ. ಅಲ್ಲಿಂದ ಮುಂದೆ ಓಡಿಸಿದ್ದೆಲ್ಲ ದಣಿವಿನ ಲೆಕ್ಕಕ್ಕೆ.

10 ಮೀಟರ್ ಓಟಕ್ಕೆ ಸುಮಾರು ಒಂದು ನಿಮಿಷ ಬಿಡುವು ಎನ್ನುವುದು ತರಬೇತುದಾರರ ರೂಢಿಯ ಲೆಕ್ಕ. 40 ಮಕ್ಕಳಿರುವುದು ನಿಮಗೆ ತೊಡಕು ಅನ್ನಿಸಿದೆ, ಅದೇ ನಿಮ್ಮ ಅನುಕೂಲ. ನಾಲ್ಕು ನಾಲ್ಕು ಜನರ ಹತ್ತು ಸಾಲು ಮಾಡಿ. ಹದಿನೈದು ಸೆಕೆಂಡಿಗೊಂದು ಸಾಲು ಬಿಟ್ಟರೆ ಒಂದು ಮಗುವಿನ ಸರದಿ ಮತ್ತೆ ಬರುವುದು ಎರಡೂವರೆ ನಿಮಿಷಕ್ಕೆ. ನೀವು ಸೀಟಿ ಊದುತ್ತಿದ್ದರೆ ಸಾಕು, ಬಿಡುವು ತಾನಾಗಿ ಸಿಗುತ್ತದೆ. ಎಂಟು ಸರದಿಗೆ 20 ನಿಮಿಷ, ತಲಾ 240 ಮೀಟರ್. ಒಂದು ದಿನಕ್ಕೆ ಅಷ್ಟು ವೇಗ ಸಾಕು. ವಾರಕ್ಕೆ ಮೂರು ದಿನ, ಒಂದು ಬಿಟ್ಟು ಒಂದು. ನಿಮ್ಮೂರಿನ ಕುದುರೆ ಫಾರಂ ಕಡೆಯವರನ್ನು ಕೇಳಿ ನೋಡಿ: ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ನೆಲ ಅದು. ರೇಸಿನ ಕುದುರೆಯನ್ನೂ ದಿನಾ ಪೂರ್ತಿ ನಾಗಾಲೋಟಕ್ಕೆ ಬಿಡುವುದಿಲ್ಲ. ನಾವು ಆರನೇ ಕ್ಲಾಸಿನ ಮಕ್ಕಳಿಗೆ ಅಷ್ಟು ಬಿಡುವೂ ಕೊಡುವುದಿಲ್ಲ.

ಮೂರು ದಿನವೂ ಒಂದೇ ಥರ ಬೇಡ. ಒಂದು ದಿನ ನಿಂತಲ್ಲಿಂದ 20-30 ಮೀಟರ್. ಇನ್ನೊಂದು ದಿನ ಕೆರೆ ಏರಿಯ ಇಳಿಜಾರು ಹುಡುಕಿ 15-20 ಮೀಟರ್ ಮೇಲಕ್ಕೆ ಓಡಿಸಿ. ತೀರಾ ಕಡಿದು ಬೇಡ. ಏರು ಓಡುವಾಗ ಮೈ ತಾನಾಗಿ ಮುಂದಕ್ಕೆ ವಾಲುತ್ತದೆ, ನೆಲ ತಳ್ಳುವುದನ್ನು ಬಾಯಲ್ಲಿ ಹೇಳಿಕೊಡಬೇಕಾಗಿಲ್ಲ. ಮೂರನೇ ದಿನ 20 ಮೀಟರ್ ನಿಧಾನವಾಗಿ ವೇಗ ಏರಿಸಿ, ಮುಂದಿನ 20 ಮೀಟರ್ ಪೂರ್ತಿ ಬಿಡುವ ಓಟ. ನಿಮ್ಮ ಒಂದು ಸ್ಟಾಪ್‌ವಾಚು ಈ ಕೊನೆಯ 20 ಮೀಟರ್‌ಗೆ ಮೀಸಲಾಗಲಿ. ಎರಡು ವಾರಕ್ಕೊಮ್ಮೆ ಅಳೆದು ಬರೆದಿಡಿ. 100 ಮೀಟರ್ ಪೂರ್ತಿ ಓಡಿಸುವುದು ಹತ್ತು ದಿನಕ್ಕೊಮ್ಮೆ ಆದರೂ ನಡೆಯುತ್ತದೆ.

ಓಟ ಮುಗಿದ ಮೇಲೆ ಹತ್ತು ನಿಮಿಷ ಬಲದ ಕೆಲಸ. ಮೊದಲಲ್ಲ, ಆಮೇಲೆ. ಜೋಡಿ ಮಾಡಿ: ಒಬ್ಬ ಮಂಡಿಯೂರಲಿ, ಇನ್ನೊಬ್ಬ ಅವನ ಹಿಮ್ಮಡಿ ಗಟ್ಟಿ ಹಿಡಿಯಲಿ. ಮಂಡಿಯೂರಿದವನು ಮೈ ನೆಟ್ಟಗಿಟ್ಟು ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲಿ ಕೈಯೂರಲಿ. ನಾಲ್ಕೈದು ಸಲ, ವಾರಕ್ಕೆರಡು ದಿನ. ಓಟಗಾರರಿಗೆ ಕೂಟದ ದಿನವೇ ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತದಲ್ಲ, ಅದನ್ನು ತಡೆಯಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಮೊದಲ ವಾರ ಮೈಕೈ ನೋವು ಎಂದು ಮಕ್ಕಳು ಗೊಣಗುತ್ತಾರೆ, ಎರಡು ಸಲದಿಂದ ಶುರುಮಾಡಿ. ಕೂಟಕ್ಕೆ ಹತ್ತು ದಿನ ಇರುವಾಗ ಎಲ್ಲವನ್ನೂ ಅರ್ಧಕ್ಕೆ ಇಳಿಸಿ, ವೇಗವನ್ನು ಮಾತ್ರ ಇಳಿಸಬೇಡಿ.

800, 1500 ಮೀಟರ್ ಮಕ್ಕಳಿಗೆ ಸುತ್ತು ಬೇಕು. ಅವರ ಗುಂಪು ಬೇರೆ ಮಾಡಿ.

ನಮ್ಮ ಕಾಲದಲ್ಲಿ ಗರಡಿ ಮನೆಯಲ್ಲಿ ಬಸ್ಕಿ, ದಂಡ, ಗದೆ ಬಿಟ್ಟು ಬೇರೇನೂ ಇರಲಿಲ್ಲ. ಈಗಿನ ಮಿಷನ್‌ಗಳಿಂದ ಅದಕ್ಕಿಂತ ಹೆಚ್ಚೇನಾದರೂ ಸಿಗುತ್ತದೆಯೇ?
— ಎಪ್ಪತ್ತು ದಾಟಿದ ಓದುಗರು, ಚೇಳೂರು, ಗುಬ್ಬಿ ತಾಲ್ಲೂಕು

ಯಜಮಾನರೇ, ಹದಿನಾಲ್ಕರೊಳಗಿನ ಮಕ್ಕಳಿಗೆ ಹೆಚ್ಚೇನೂ ಸಿಗುವುದಿಲ್ಲ. ಒಂದೇ ತಕರಾರು: ಗರಡಿಯಲ್ಲಿ ಬಸ್ಕಿ ನೂರು, ಇನ್ನೂರು, ಐನೂರು ಎಂದು ಎಣಿಕೆ ಏರುತ್ತಿತ್ತು. ಕುಸ್ತಿಯ ಪೈಲ್ವಾನನಿಗೆ ಆ ದಮ್ಮು ಬೇಕು. 13 ಸೆಕೆಂಡಿನಲ್ಲಿ ಮುಗಿಯುವ ಓಟಕ್ಕೆ ಬೇಕಾದದ್ದು ಹತ್ತು ಬಸ್ಕಿ, ಕೆಳಗೆ ನಿಧಾನ, ಮೇಲೆ ಜೋರು. ನಿಮ್ಮ ಮೊಮ್ಮಕ್ಕಳಿಗೆ ಕಲಿಸಿಕೊಡಿ, ನೂರರ ಲೆಕ್ಕ ಮಾತ್ರ ಹೇಳಬೇಡಿ.

ಮೇಡಂ, ನನಗೆ 15 ವರ್ಷ. 400 ಮೀಟರ್ ಓಡ್ತೀನಿ. ಹೋದ ವರ್ಷಕ್ಕಿಂತ ಎತ್ತರ, ತೂಕ ಎರಡೂ ಹೆಚ್ಚಾಗಿದೆ, ಟೈಮಿಂಗ್ ಎರಡು ಸೆಕೆಂಡ್ ಹಿಂದೆ ಹೋಗಿದೆ. ತೂಕ ಇಳಿಸು ಅಂತಾರೆ. ರಾತ್ರಿ ಊಟ ಬಿಟ್ಟಿದೀನಿ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಅಮ್ಮನಿಗೆ ಹೇಳಿಲ್ಲ.
— ವಿದ್ಯಾರ್ಥಿನಿ, ತುಮಕೂರು

ಪುಟ್ಟೀ, ಇವತ್ತೇ ಅಮ್ಮನಿಗೆ ಹೇಳು. ಇವತ್ತು ರಾತ್ರಿ ಊಟ ಮಾಡು. ಮಿಕ್ಕದ್ದು ಆಮೇಲೆ.

ಮೂರು ತಿಂಗಳು ಮುಟ್ಟು ನಿಂತರೆ ವೈದ್ಯರ ಬಳಿ ಹೋಗಲೇಬೇಕು. ಓಡುವ ಹುಡುಗಿಯರಲ್ಲಿ ಇದಕ್ಕೆ ಹೆಚ್ಚಾಗಿ ಕಾಣುವ ಕಾರಣ, ಖರ್ಚಾಗುವಷ್ಟು ಆಹಾರ ಒಳಗೆ ಹೋಗದಿರುವುದು. ಮೈ ಜಾಣತನದಿಂದ ಉಳಿತಾಯ ಶುರುಮಾಡುತ್ತದೆ, ಮೊದಲು ಮುಟ್ಟು ನಿಲ್ಲಿಸುತ್ತದೆ, ಆಮೇಲೆ ಮೂಳೆಯಿಂದ ಸಾಲ ತೆಗೆಯುತ್ತದೆ. ಈ ವಯಸ್ಸಿನಲ್ಲಿ ಕಟ್ಟದ ಮೂಳೆಯನ್ನು ಮುಂದೆ ಕಟ್ಟುವುದು ಬಹಳ ಕಷ್ಟ. ‘ಓಟಗಾರ್ತಿಯರಿಗೆ ಹಾಗೇ ಆಗುತ್ತೆ’ ಎಂದು ಯಾರೇ ಹೇಳಿದರೂ ನಂಬಬೇಡ.

ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಣ್ಣುಮಕ್ಕಳಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ 400 ಮೀಟರ್‌ನ ಕೊನೆಯ 100ರಲ್ಲಿ ಕಾಲು ಏಳುವುದಿಲ್ಲ, ಅದಕ್ಕೂ ತೂಕಕ್ಕೂ ಸಂಬಂಧವಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಕಿಟಕಿಯಿಂದ ಎಸೆಯುವ ಹುಡುಗಿಯರನ್ನು ನಾನು ನೋಡಿದ್ದೇನೆ. ಊಟದ ನಂತರ ನುಂಗು, ಕಾಫಿ ಟೀ ಜೊತೆ ಬೇಡ.

ನೀನು ದಪ್ಪಗಾಗಿಲ್ಲ, ಬೆಳೆದಿದ್ದೀಯ. ಕಾಲು ಉದ್ದವಾಗಿದೆ, ಸೊಂಟ ಅಗಲವಾಗಿದೆ, ಹಳೆಯ ಬಲಕ್ಕೆ ಹೊಸ ಮೈ ಸಿಕ್ಕಿದೆ. ಬೇಕಾದದ್ದು ತೂಕ ಇಳಿಸುವುದಲ್ಲ, ಬಲ ಏರಿಸುವುದು. ವೈದ್ಯರು ಸರಿ ಎಂದ ಮೇಲೆ ವಾರಕ್ಕೆರಡು ದಿನ ಬಲದ ವ್ಯಾಯಾಮ ಸೇರಿಸಿಕೋ. ಮುದ್ದೆ ಬಿಡಬೇಡ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಜೊತೆಗೆ ಹುರುಳಿಕಾಳು ಸಾರು, ಸೊಪ್ಪು, ಮೊಟ್ಟೆ, ಹಾಲು. ಭಾನುವಾರ ಕ್ಯಾತ್ಸಂದ್ರದಲ್ಲಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ತಿಂದರೂ ನಿನ್ನ 400 ಮೀಟರ್ ಹಾಳಾಗುವುದಿಲ್ಲ. ನಮ್ಮ ಪ್ರಿಯಾ ಮೋಹನ್ 2021ರಲ್ಲಿ ನೈರೋಬಿಯ 20 ವರ್ಷದೊಳಗಿನವರ ವಿಶ್ವ ಕೂಟದಲ್ಲಿ 400 ಮೀಟರ್‌ನಲ್ಲಿ ನಾಲ್ಕನೆಯವರಾಗಿ, ಮಿಶ್ರ ರಿಲೇಯಲ್ಲಿ ಕಂಚು ಗೆದ್ದಾಗ ಅವರಿಗೆ 18. ನಿನಗೆ ಇನ್ನೂ 15.

ಮಗಳು ಮಹಾತ್ಮ ಗಾಂಧಿ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಅಭ್ಯಾಸ ಶುರುಮಾಡಿ ತಿಂಗಳಾಯಿತು. ದಿನಾ ಸ್ಪೈಕ್ ಹಾಕಿ ಓಡುತ್ತಾಳೆ. ಕೆಳಗಾಲಿನ ಮುಂಭಾಗದ ಮೂಳೆ ನೋವು ಎನ್ನುತ್ತಾಳೆ.
— ಒಬ್ಬ ತಂದೆ, ತುಮಕೂರು

ಮಣ್ಣಿನಿಂದ ಸಿಂಥೆಟಿಕ್‌ಗೆ ಒಮ್ಮೆಲೇ ಹೋದದ್ದು, ದಿನವೂ ಸ್ಪೈಕ್ ಹಾಕಿದ್ದು, ಎರಡೂ ಸೇರಿವೆ. ಸ್ಪೈಕ್ ವಾರಕ್ಕೆ ಎರಡು ದಿನ, ವೇಗದ ಓಟಕ್ಕೆ ಮಾತ್ರ. ಮೊಳೆ 6 ಮಿಲಿಮೀಟರಿನದಿರಲಿ, ಮಣ್ಣಿಗೆ ಹಾಕುವ ಉದ್ದನೆಯದು ಬೇಡ. ಮಿಕ್ಕ ದಿನ ಸಾದಾ ಶೂ, ಆದಷ್ಟು ಮಣ್ಣು ಅಥವಾ ಹುಲ್ಲು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದನ್ನು ದಿನಾ 15ರಂತೆ ಮೂರು ಸಲ ಮಾಡಲಿ. ನೋವು ಉದ್ದಕ್ಕೂ ಹರಡಿಕೊಂಡಿದ್ದರೆ ಎರಡು ಮೂರು ವಾರದಲ್ಲಿ ತಗ್ಗುತ್ತದೆ. ಬೆರಳಿಟ್ಟರೆ ಒಂದೇ ಜಾಗದಲ್ಲಿ ಚುಚ್ಚಿದಂತಾದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ, ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಮೂಳೆಯ ಸಣ್ಣ ಬಿರುಕು ಶುರುವಿನ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಆದ್ದರಿಂದ ‘ಎಕ್ಸ್‌ರೇ ಸರಿಯಿದೆ’ ಎಂದ ಮಾತ್ರಕ್ಕೆ ಮರುದಿನವೇ ಟ್ರ್ಯಾಕಿಗೆ ಇಳಿಸಬೇಡಿ.

ಕಬಡ್ಡಿ ಆಡ್ತೀನಿ, 17 ವರ್ಷ, 60 ಕಿಲೋ. ರೈಡ್‌ಗೆ ಸ್ಪೀಡು, ಪವರು ಬೇಕು ಅಂತ ಪರಿಚಯದವರೊಬ್ಬರು ಒಂದು ಡಬ್ಬಿ ಪೌಡರ್ ಕೊಟ್ಟಿದಾರೆ. ಲೇಬಲ್ ಇಲ್ಲ. ತಗೊಳ್ಳಲಾ?
— ಪಿಯುಸಿ ವಿದ್ಯಾರ್ಥಿ, ಕುಣಿಗಲ್

ಬೇಡ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದವರು. ಮರುವರ್ಷ ಅವರೂ ರಿಲೇ ತಂಡದ ಗೆಳತಿಯರೂ ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್‌ಸೆಂಗ್‌ನಲ್ಲಿ ಅದು ಬೆರೆತಿತ್ತು, ನಮಗೆ ಗೊತ್ತಿರಲಿಲ್ಲ ಎಂದು ಅವರು ವಾದಿಸಿದರು. ಆದರೂ 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಎರಡು ವರ್ಷದ ನಿಷೇಧ ವಿಧಿಸಿತು. ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ ಎನ್ನುವುದು ನಿಯಮ. ನಿನ್ನ ಡಬ್ಬಿಗೆ ಲೇಬಲ್ಲೂ ಇಲ್ಲ.

ನಿನಗೆ ದಿನಕ್ಕೆ ಬೇಕಾದದ್ದು 85-95 ಗ್ರಾಂ ಪ್ರೋಟೀನು. ಮೂರು ಮೊಟ್ಟೆ 18, ಅರ್ಧ ಲೀಟರ್ ಹಾಲು 16, ಐವತ್ತು ಗ್ರಾಂ ಕಡಲೆಕಾಯಿ ಬೀಜ 13, ಎಪ್ಪತ್ತೈದು ಗ್ರಾಂ ಹುರುಳಿ 16, ಎರಡು ಮುದ್ದೆಯ ರಾಗಿ 14. ಅಲ್ಲಿಗೆ 77 ಆಯಿತು, ಮಿಕ್ಕದ್ದು ಅನ್ನ ಮೊಸರಿನಲ್ಲಿ ಬರುತ್ತದೆ. ರೈಡಿನ ಚುರುಕಿಗೆ ಮೇಲೆ ಮೇಷ್ಟ್ರಿಗೆ ಬರೆದ 20 ಮೀಟರ್ ಓಟವೇ ಸಾಕು, ಜೊತೆಗೆ 5 ಮೀಟರ್ ಓಡಿ, ನಿಂತು, ತಿರುಗಿ ಓಡುವುದನ್ನು ಸೇರಿಸಿಕೋ. ನಿಲ್ಲುವಾಗ ಮಂಡಿ ಬಗ್ಗಿರಲಿ, ಒಳಕ್ಕೆ ವಾಲದಿರಲಿ. ಡಬ್ಬಿಯನ್ನು ಕೊಟ್ಟವರಿಗೆ ವಾಪಸ್ ಕೊಡಬೇಡ, ಇನ್ನೊಬ್ಬ ಹುಡುಗನ ಕೈಗೆ ಹೋಗುತ್ತದೆ. ನಿಮ್ಮ ಪಿ.ಟಿ. ಮೇಷ್ಟ್ರಿಗೆ ತೋರಿಸು, ಕೊಟ್ಟವರು ಯಾರೆಂದೂ ಹೇಳು.