ಎರಡು ಸಾಕ್ಷಿಗಳು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆ ಸುಣ್ಣದ ಕಲ್ಲಿನ ನಾಡು. ಶಹಾಬಾದಿನ ಹಾಸುಗಲ್ಲು ದೂರದೂರದ ಮನೆಗಳಿಗೆ ನೆಲವಾಗಿದೆ. ಇಲ್ಲಿಯ ಬೇಸಿಗೆಯಾದರೋ ಕಡುಕಠಿಣವಾದುದು. ಬಿಸಿಲಿನ ತಾಪ 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ.

ಅಂತಹ ಬಿಸಿಲಿನಲ್ಲಿ, ಕಲ್ಲುಗಣಿಯಲ್ಲಿ ಬಿದ್ದು ಮಡಿದ ಕೂಲಿಕಾರನೊಬ್ಬನ ದೇಹವು ಎರಡು ದಿನಗಳ ಬಳಿಕ ದೊರೆಯಿತೆಂದು ಭಾವಿಸೋಣ. ಅವನ ರಕ್ತದಲ್ಲಿ ಮದ್ಯಸಾರದ ಅಂಶ ಕಂಡುಬರುತ್ತದೆ. “ಕುಡಿದು ಬಿದ್ದಿರಬೇಕು” ಎಂದು ಜನ ಆಡಿಕೊಳ್ಳುತ್ತಾರೆ. “ಅವರು ಕುಡಿದವರೇ ಅಲ್ಲ” ಎಂದು ಹೆಂಡತಿ ಗೋಳಿಡುತ್ತಾಳೆ. ಯಾವುದು ನಿಜ? ಸತ್ತವನು ಎದ್ದು ಬಂದು ಹೇಳಲಾರನು. ಆದರೆ ಅವನ ಕಣ್ಣು ಹೇಳಬಲ್ಲದು.

ಕಣ್ಣುಗುಡ್ಡೆಯ ಒಳಗೆ ಗಾಜಿನಂತೆ ತಿಳಿಯಾದ ಲೋಳೆಯೊಂದು ತುಂಬಿರುತ್ತದೆ. ಇದನ್ನು ಕಾಚಕ ರಸವೆನ್ನುತ್ತಾರೆ. ಒಂದು ಕಣ್ಣಿನಲ್ಲಿ ಇದು ಸುಮಾರು 4 ಮಿಲಿಲೀಟರ್ ಇರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ನೀರು. ಮರಣಾನಂತರ ಸೂಕ್ಷ್ಮಜೀವಿಗಳು ಕರುಳಿನಿಂದ ಹೊರಟು ರಕ್ತವನ್ನು ಸೇರುತ್ತವೆ. ಅಲ್ಲಿರುವ ಸಕ್ಕರೆಯಿಂದ ಮದ್ಯಸಾರವನ್ನು ಉಂಟುಮಾಡುತ್ತವೆ. ತಾಪ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕಾಗುತ್ತದೆ. ಎಲುಬಿನ ಗೂಡಿನಲ್ಲಿ, ಕರುಳಿನಿಂದ ದೂರದಲ್ಲಿರುವ ಕಣ್ಣನ್ನು ಅವು ಬೇಗನೆ ಮುಟ್ಟಲಾರವು. ಆದುದರಿಂದ ರಕ್ತದಲ್ಲಿ ಮದ್ಯಸಾರವಿದ್ದು, ಇನ್ನೂ ಕೆಡದ ಕಾಚಕ ರಸದಲ್ಲಿ ಅದು ಇಲ್ಲದಿದ್ದರೆ, ಅದು ಸಾವಿನ ಬಳಿಕ ಹುಟ್ಟಿದುದೆಂದು ತಜ್ಞರು ಊಹಿಸುತ್ತಾರೆ.

ಕುಡಿದವನ ವಿಷಯದಲ್ಲಿಯೂ ಈ ಹೋಲಿಕೆ ಉಪಯುಕ್ತವಾದುದು. ಮದ್ಯಸಾರವು ಮೊದಲು ರಕ್ತವನ್ನು ಸೇರಿ, ತುಸು ತಡವಾಗಿ ಕಣ್ಣನ್ನು ತಲಪುತ್ತದೆ. ಎರಡೂ ಕಡೆ ಸಮತೋಲ ಉಂಟಾದಾಗ, ರಕ್ತದಲ್ಲಿ 100 ಪಾಲು ಇದ್ದರೆ ನೀರಿನಂಶ ಹೆಚ್ಚಿರುವ ಕಾಚಕ ರಸದಲ್ಲಿ ಸುಮಾರು 120 ಪಾಲು ಇರುತ್ತದೆ. ರಕ್ತದಲ್ಲಿಯೇ ಹೆಚ್ಚಿದ್ದರೆ, ಕುಡಿದ ಸ್ವಲ್ಪ ಹೊತ್ತಿನಲ್ಲಿಯೇ ಸಾವು ಬಂದಿತೆಂದು ತಿಳಿಯಬಹುದು.

ಔಷಧಗಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಹೃದಯರೋಗಕ್ಕೆ ಕೊಡುವ ಡಿಜಾಕ್ಸಿನ್ ಎಂಬ ಮದ್ದು ಹೃದಯದ ಸ್ನಾಯುವಿನಲ್ಲಿ ಶೇಖರವಾಗಿರುತ್ತದೆ. ಸತ್ತ ಮೇಲೆ ಸುತ್ತಲಿನ ರಕ್ತಕ್ಕೆ ಜಿನುಗುತ್ತದೆ. ಸರಿಯಾದ ಪ್ರಮಾಣದಲ್ಲಿ ಮದ್ದು ಕೊಟ್ಟವರ ಮೇಲೂ ಇದರಿಂದ ಸಂಶಯ ಬೀಳಬಹುದು. ಆದಕಾರಣ ವೈದ್ಯರು ಹೃದಯದ ರಕ್ತವನ್ನೇ ನೆಚ್ಚದೆ, ತೊಡೆಯ ಅಭಿಧಮನಿಯ ರಕ್ತವನ್ನೂ ಕಾಚಕ ರಸವನ್ನೂ ತೆಗೆದು ಹೋಲಿಸಿ ನೋಡುತ್ತಾರೆ.

ಹಾಗೆಂದು ಕಣ್ಣಿನ ಸಾಕ್ಷ್ಯವೇ ಅಂತಿಮವಲ್ಲ. ರಕ್ತದ ಪ್ರೋಟೀನುಗಳಿಗೆ ಬಿಗಿಯಾಗಿ ಅಂಟಿಕೊಳ್ಳುವ ಮದ್ದುಗಳು ಕಣ್ಣಿಗೆ ಅಲ್ಪವಾಗಿ ಮಾತ್ರ ಇಳಿಯುತ್ತವೆ. ಬಹಳ ದಿನ ಕಳೆದರೆ ಕಣ್ಣೂ ಕೆಡುತ್ತದೆ. ಒಂದೊಂದು ಮದ್ದಿಗೂ ಒಂದೊಂದು ಲೆಕ್ಕ.

ಎರಡು ಸಾಕ್ಷಿಗಳನ್ನು ಕೇಳಿದ ಮೇಲೆಯೇ ತೀರ್ಪು ಹೇಳಬೇಕೆಂಬುದು ನ್ಯಾಯದ ನೀತಿ. ವಿಜ್ಞಾನದ ನೀತಿಯೂ ಅದೇ. ನಾಲ್ಕು ಹನಿ ರಸವು ಬಡ ಕೂಲಿಕಾರನ ಹೆಸರಿಗೆ ತಟ್ಟಿದ ಕಳಂಕವನ್ನು ತೊಳೆಯಬಲ್ಲದಾದರೆ, ಅದಕ್ಕಿಂತ ಹಿರಿದಾದ ಸಾರ್ಥಕತೆ ಪ್ರಯೋಗಶಾಲೆಗೆ ಬೇರೇನಿದೆ?

ಅಭ್ಯಾಸ
1. ಕಾಚಕ ರಸವು ರಕ್ತಕ್ಕಿಂತ ತಡವಾಗಿ ಕೆಡುವುದೇಕೆ?
2. ಹೃದಯದ ರಕ್ತವೊಂದನ್ನೇ ಏಕೆ ನೆಚ್ಚಬಾರದು?
3. ‘ಎರಡು ಸಾಕ್ಷಿಗಳು’ ಎಂಬ ಹೆಸರು ಈ ಪಾಠಕ್ಕೆ ಹೇಗೆ ಒಪ್ಪುತ್ತದೆ? ವಿವರಿಸಿರಿ.