ಆಂಜಿಯೋ ಆದ ಮೇಲೆ ಎಷ್ಟು ಹೊತ್ತು ಮಲಗಬೇಕು, ಯಾವಾಗ ಏಳಬೇಕು?

ನಾರಾಯಣಪೇಟೆ, ಮಖ್ತಲ್, ಗದ್ವಾಲ ಕಡೆಯವರಿಗೆ ಎದೆನೋವು ಬಂದು ಆಂಜಿಯೋಗ್ರಾಂ ಮಾಡಿಸಬೇಕೆಂದಾಗ ಹೆಚ್ಚಿನವರು ಊರು ಬಿಟ್ಟು ಹೊರಡುತ್ತಾರೆ. ಕೆಲವರು ಕೃಷ್ಣೆ ದಾಟಿ ರಾಯಚೂರಿಗೆ, ಕೆಲವರು ಮಹಬೂಬನಗರ ಇಲ್ಲವೆ ಹೈದರಾಬಾದಿಗೆ, ಬೀಗರು ನೆಂಟರು ಇದ್ದವರು ಕಲಬುರಗಿಯ ಅಥವಾ ಬೆಂಗಳೂರಿನ ಜಯದೇವ ಆಸ್ಪತ್ರೆಗೆ. ಮನೆಯವರ ಚಿಂತೆಯೆಲ್ಲ ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬಿನ ಬಾಗಿಲ ಹಿಂದೆ ಏನಾಗುತ್ತಿದೆ ಎಂಬುದರ ಮೇಲಿರುತ್ತದೆ. ಆದರೆ ರೋಗಿಯನ್ನು ಕೇಳಿನೋಡಿ: ಒಳಗೆ ಅಷ್ಟೇನೂ ನೋವಾಗಲಿಲ್ಲ, ಹೊರಗೆ ಬಂದ ಮೇಲೆ ಅಂಗಾತ ಮಲಗಿ ಸೊಂಟ ಹಿಡಿದುಹೋಯಿತು, ಮೂತ್ರ ಕಟ್ಟಿತು, ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ ಎನ್ನುತ್ತಾರೆ.

ಈ ಒದ್ದಾಟದಲ್ಲಿ ಬಹುಪಾಲು ತಪ್ಪಿಸಬಹುದಾದದ್ದು. ತೊಡೆಸಂದಿಯ ಮೂಲಕ ಮಾಡಿದ ಆಂಜಿಯೋಗ್ರಾಂ ನಂತರ ರೋಗಿಗಳನ್ನು ಬೇಗ ಎಬ್ಬಿಸಿದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹೆಚ್ಚು ಹೊತ್ತು ಮಲಗಿಸಿದವರಿಗಿಂತ ಅವರಲ್ಲಿ ರಕ್ತಸ್ರಾವ ಹೆಚ್ಚಾಗಿಲ್ಲ. ಬೆನ್ನುನೋವು ಮಾತ್ರ ಕಡಿಮೆಯಾಗಿದೆ. ಹಿಂದೆ ರಕ್ತನಾಳಕ್ಕೆ ದಪ್ಪ ಕೊಳವೆ (ಪೈಪ್) ಹಾಕುತ್ತಿದ್ದ ಕಾಲದಲ್ಲಿ ಇಡೀ ದಿನ ಮಲಗಿಸುವುದಕ್ಕೆ ಅರ್ಥವಿತ್ತು. ಈಗ ಹೆಚ್ಚಾಗಿ ಬಳಸುವುದು 5 ಅಥವಾ 6 ಫ್ರೆಂಚ್ ಅಳತೆಯದು. 6 ಫ್ರೆಂಚ್ ಎಂದರೆ ಸುಮಾರು 2 ಮಿಲಿಮೀಟರ್. 1989ರಲ್ಲಿ ಕೆನಡಾದ ಲೂಸಿಯಾನ್ ಕ್ಯಾಂಪೋ ಮಣಿಕಟ್ಟಿನ ರಕ್ತನಾಳದಿಂದ ಆಂಜಿಯೋಗ್ರಾಂ ಮಾಡಿ ವರದಿ ಮಾಡಿದ ಮೇಲೆ ಇನ್ನೊಂದು ದಾರಿ ತೆರೆಯಿತು. ಇಂದು ಬಹಳ ಕಡೆ ಮೊದಲು ನೋಡುವುದೇ ಕೈಯನ್ನು.

ಒಳಗೆ ಹೋಗುವ ಮುಂಚೆ

ಹೆಂಗಸರ ಬಲಗೈ ಬಳೆ, ಉಂಗುರ, ಕೈಗೆ ಕಟ್ಟಿದ ದಾರ ಇವನ್ನೆಲ್ಲ ಮನೆಯಲ್ಲೇ ತೆಗೆದಿಟ್ಟು ಬನ್ನಿ. ಗಾಜಿನ ಬಳೆ ತೆಗೆಯಲು ಹಿರಿಯ ಹೆಣ್ಣುಮಕ್ಕಳ ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಕೈ ಊದಿಕೊಂಡರೆ ಅದೇ ಬಳೆ ಬಿಗಿಯುತ್ತದೆ, ಒತ್ತುಪಟ್ಟಿ ಕಟ್ಟಲು ಜಾಗವೂ ಸಿಗುವುದಿಲ್ಲ. ಎಡಗೈಯಲ್ಲಿ ಒಂದೆರಡು ಉಳಿಸಿಕೊಳ್ಳಬಹುದೇ ಎಂದು ಸಿಸ್ಟರನ್ನೇ ಕೇಳಿ.

ಮೂತ್ರಕ್ಕೆ ಹೋಗಿಬಂದೇ ಒಳಗೆ ಹೋಗಬೇಕು. ಗಂಡಸರಿಗೆ, ಅದರಲ್ಲೂ ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರಿಗೆ, ಮಲಗಿಕೊಂಡು ಮೂತ್ರ ಮಾಡುವುದು ಬಲು ಕಷ್ಟ. ಹಿಂದಿನ ದಿನವೇ ಮನೆಯಲ್ಲಿ ಒಮ್ಮೆ ಮಲಗಿ ಪ್ರಯತ್ನಿಸಿದವರಿಗೆ ಆಸ್ಪತ್ರೆಯಲ್ಲಿ ಸಂಕೋಚ ಕಡಿಮೆ.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆ ನುಂಗುವವರು, ಕಿಡ್ನಿ ತೊಂದರೆಯಿರುವವರು, ಹಿಂದೆ ಯಾವುದಾದರೂ ಔಷಧಿಯಿಂದ ಮೈಮೇಲೆ ದದ್ದು ಎದ್ದಿದ್ದವರು ಅದನ್ನು ಮೊದಲೇ ಹೇಳಬೇಕು. ಹೃದಯದ ನಾಳ ಕಾಣಲು ಹಾಕುವ ಬಣ್ಣದ ದ್ರವ ಕಿಡ್ನಿಯ ಮೂಲಕವೇ ಹೊರಗೆ ಹೋಗಬೇಕು.

ಹೊರಗೆ ಬಂದ ಕೂಡಲೇ ಮೂರು ಪ್ರಶ್ನೆ

ಜೊತೆಗಿರುವವರು ಸಿಸ್ಟರನ್ನು ಮೂರು ಮಾತು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಲಿ. ಕೈಯಿಂದ ಮಾಡಿದಿರೋ ತೊಡೆಯಿಂದಲೋ? ಪೈಪ್ ಎಷ್ಟು ಗಂಟೆಗೆ ತೆಗೆದಿರಿ? ಎಷ್ಟು ಗಂಟೆಗೆ ಎಬ್ಬಿಸುತ್ತೀರಿ?

ಎರಡನೆಯ ಪ್ರಶ್ನೆಯಲ್ಲೇ ಎಲ್ಲರೂ ಎಡವುವುದು. ಹೃದಯದ ನಾಳ ತೆರೆದಿಡಲು ಸ್ಟೆಂಟ್ ಹಾಕಿದವರಿಗೆ ರಕ್ತ ತೆಳುವಾಗಿಸುವ ಹೆಪಾರಿನ್ ಕೊಟ್ಟಿರುತ್ತಾರೆ. ಅದರ ಪ್ರಭಾವ ಇಳಿಯುವವರೆಗೆ ತೊಡೆಯಲ್ಲಿ ಪೈಪನ್ನು ಕೆಲವು ತಾಸು ಹಾಗೆಯೇ ಬಿಡುವುದುಂಟು. ಮಲಗುವ ಲೆಕ್ಕ ಶುರುವಾಗುವುದು ಪೈಪ್ ತೆಗೆದು ರಕ್ತ ನಿಂತ ಗಳಿಗೆಯಿಂದ. ಬೆಳಿಗ್ಗೆ ಹತ್ತಕ್ಕೆ ವಾರ್ಡಿಗೆ ತಂದರಲ್ಲ, ಎರಡಕ್ಕೆ ಏಳಬಹುದು ಎಂದು ತಾವೇ ಲೆಕ್ಕ ಹಾಕಿಕೊಂಡು ರೋಗಿಯನ್ನು ಬಚ್ಚಲಿಗೆ ನಡೆಸಿಕೊಂಡು ಹೋಗುವುದು ಅಪಾಯ.

ಹಿರಿಯರಿಗೆ ಕನ್ನಡವಷ್ಟೇ ಬರುತ್ತಿದ್ದು ಆಸ್ಪತ್ರೆಯಲ್ಲಿ ತೆಲುಗು, ಹಿಂದಿ ನಡೆಯುತ್ತಿದ್ದರೆ, ಎರಡೂ ಬಲ್ಲ ಒಬ್ಬರು ಆ ಮೊದಲ ಆರು ತಾಸು ಪಕ್ಕದಲ್ಲೇ ಇರಬೇಕು. ಎದೆ ಬಿಗಿಯುತ್ತಿದೆ ಎಂಬುದನ್ನೂ ಬೆನ್ನು ಸೆಳೆಯುತ್ತಿದೆ ಎಂಬುದನ್ನೂ ಬೇರೆಬೇರೆಯಾಗಿ ಹೇಳಲು ಆಗಬೇಕು.

ಕೈಯಿಂದ ಮಾಡಿದ್ದರೆ

ಇವರಿಗೆ ಅಂಗಾತ ಮಲಗುವ ಶಿಕ್ಷೆಯೇ ಇಲ್ಲ. ಮಂಪರು ಇಳಿದ ಮೇಲೆ ತಲೆ ಎತ್ತಿ ಕೂರಬಹುದು. ಸಿಸ್ಟರ್ ಹೂಂ ಎಂದರೆ ಬಚ್ಚಲಿಗೂ ನಡೆದು ಹೋಗಬಹುದು. ಮಣಿಕಟ್ಟಿಗೆ ಗಾಳಿ ತುಂಬಿದ ಪಟ್ಟಿ ಕಟ್ಟಿರುತ್ತಾರೆ. ಸಾಮಾನ್ಯವಾಗಿ ಎರಡು ತಾಸಿನ ಆಸುಪಾಸಿನಲ್ಲಿ ಸ್ವಲ್ಪಸ್ವಲ್ಪವಾಗಿ ಗಾಳಿ ಇಳಿಸಿ ತೆಗೆಯುತ್ತಾರೆ. ನೋವೆಂದು ಅದನ್ನು ನೀವೇ ಸಡಿಲಿಸಬೇಡಿ, ಕರೆದು ಹೇಳಿ. ಕೈಯನ್ನು ದಿಂಬಿನ ಮೇಲೆ ಎತ್ತರಿಸಿ ಇಟ್ಟುಕೊಂಡು ಬೆರಳು ಆಡಿಸುತ್ತಿರಿ, ಮಣಿಕಟ್ಟು ಮಡಚಬೇಡಿ. ಮಂಚದಿಂದ ಏಳುವಾಗ ಆ ಕೈಯನ್ನು ಊರಿ ಏಳುವ ಅಭ್ಯಾಸ ನಮ್ಮೆಲ್ಲರದು, ಅದನ್ನೇ ತಡೆಯಬೇಕು. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ ಕೂಡಲೇ ತಿಳಿಸಿ.

ತೊಡೆಯಿಂದ ಮಾಡಿದ್ದರೆ

ಪೈಪ್ ತೆಗೆದ ಮೇಲೆ 15ರಿಂದ 20 ನಿಮಿಷ ಕೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ. ಆ ಬಳಿಕ ಬರೀ ಆಂಜಿಯೋಗ್ರಾಂ ಆದವರನ್ನು 2ರಿಂದ 4 ತಾಸಿಗೆ, ಸ್ಟೆಂಟ್ ಹಾಕಿದವರನ್ನು 4ರಿಂದ 6 ತಾಸಿಗೆ ಎಬ್ಬಿಸುವುದು ಸಾಮಾನ್ಯ. ನಾಳವನ್ನು ಮುಚ್ಚುವ ಸಾಧನ ಬಳಸಿದ್ದರೆ ಇನ್ನೂ ಬೇಗ. ದಪ್ಪ ಮೈಯವರು, ಬಿಪಿ ಏರಿರುವವರು, ತುಂಬಾ ವಯಸ್ಸಾದವರಿಗೆ ವೈದ್ಯರು ಹೆಚ್ಚು ಹೊತ್ತು ಹೇಳಬಹುದು. ಅವರ ಮಾತೇ ಕೊನೆ.

ಆ ತಾಸುಗಳನ್ನು ಹಗುರ ಮಾಡಲು ದಾರಿಗಳಿವೆ. ಒತ್ತಿ ಮುಗಿದ ಮೇಲೆ ಮಂಚದ ತಲೆಭಾಗವನ್ನು 30 ಡಿಗ್ರಿಯವರೆಗೆ ಏರಿಸಬಹುದೇ ಎಂದು ಕೇಳಿ, ಅಷ್ಟರಿಂದಲೇ ಉಸಿರಿಗೂ ಬೆನ್ನಿಗೂ ಆರಾಮ. ಸೊಂಟದ ಕೆಳಗೆ ಮಡಚಿದ ಟವೆಲು, ಇನ್ನೊಂದು ಕಾಲಿನ ಮೊಣಕಾಲ ಕೆಳಗೆ ದಿಂಬು ಇಡಿಸಿಕೊಳ್ಳಿ. ಚುಚ್ಚಿದ ಕಾಲು ನೇರವಾಗಿರಲಿ, ಆದರೆ ಪಾದ ಮತ್ತು ಬೆರಳನ್ನು ಮುಂದೆ ಹಿಂದೆ ಆಡಿಸುತ್ತಲೇ ಇರಿ. ಸಿಸ್ಟರ್ ಕೈಹಿಡಿದರೆ ಮೈಯನ್ನು ಒಂದೇ ದಿಮ್ಮಿಯ ಹಾಗೆ ಪಕ್ಕಕ್ಕೆ ಹೊರಳಿಸಬಹುದು. ಯಾರಾದರೂ ನೋಡಲು ಬಂದಾಗ ತಲೆಯನ್ನೋ ಮೈಯನ್ನೋ ಎತ್ತಿ ಮಾತಾಡಿಸಬೇಡಿ, ಹೊಟ್ಟೆ ಬಿಗಿದರೆ ಗಾಯದ ಮೇಲೆ ಒತ್ತಡ. ಕೆಮ್ಮು, ಸೀನು ಬಂದರೆ ಅಂಗೈಯಿಂದ ಬ್ಯಾಂಡೇಜನ್ನು ಒತ್ತಿ ಹಿಡಿಯಿರಿ.

ಮರಳಿನ ಚೀಲ ಇಡುವ ಪದ್ಧತಿ ಹಲವೆಡೆ ಇನ್ನೂ ಇದೆ. ಅದರಿಂದ ರಕ್ತಸ್ರಾವ ಕಡಿಮೆಯಾಗುತ್ತದೆಂದು ಅಧ್ಯಯನಗಳಲ್ಲಿ ಕಂಡಿಲ್ಲ. ಭಾರದಿಂದ ನೋವಾಗುತ್ತಿದ್ದರೆ ಹಾಗೆಂದು ಹೇಳಿ, ನೀವಾಗಿ ತೆಗೆದು ಹಾಕಬೇಡಿ. ಚೀಲ ಇದೆಯಲ್ಲ ಎಂದು ಹೊದಿಕೆಯ ಕೆಳಗೆ ನೋಡದೆ ಬಿಡುವುದು ಇನ್ನೂ ಕೆಟ್ಟದ್ದು. ಬ್ಯಾಂಡೇಜ್ ಒದ್ದೆಯಾಗಿದೆಯೇ, ಸುತ್ತ ಗಂಟು ಕಟ್ಟಿದೆಯೇ ಎಂದು ಆಗಾಗ ಕಣ್ಣಾಡಿಸಬೇಕು.

ನೀರು ಗುಟುಕು ಗುಟುಕಾಗಿ ಕುಡಿಯಿರಿ, ಆ ಬಣ್ಣದ ದ್ರವ ಹೊರಹೋಗಲಿ. ಹೃದಯ ದುರ್ಬಲವಾಗಿದೆ, ಕಿಡ್ನಿ ಕೆಟ್ಟಿದೆ ಎಂದು ನೀರಿಗೆ ಮಿತಿ ಹೇಳಿದ್ದರೆ ಆ ಮಿತಿಯಲ್ಲೇ. ಮೆತ್ತನೆ ಇಡ್ಲಿ, ಗಂಜಿ ಸಾಕು. ಮೂತ್ರ ಬಾರದೆ ಹೊಟ್ಟೆ ಉಬ್ಬಿದರೆ ನಾಚಿಕೆ ಬಿಟ್ಟು ಹೇಳಿ. ತುಂಬಿದ ಮೂತ್ರಚೀಲದ ಸಂಕಟದಿಂದಲೇ ಬಿಪಿ ಏರಿಳಿಯುತ್ತದೆ.

ಏಳುವ ಗಳಿಗೆ

ಮೊದಲ ಸಲ ಸಿಸ್ಟರ್ ಇಲ್ಲದೆ ಏಳಬೇಡಿ. ಬಿಪಿ ನೋಡಿ, ಗಾಯ ನೋಡಿ, ತಲೆಭಾಗ ಪೂರ್ತಿ ಏರಿಸಿ ಐದು ನಿಮಿಷ. ಆಮೇಲೆ ಕಾಲು ಇಳಿಬಿಟ್ಟು ಮಂಚದ ಅಂಚಿನಲ್ಲಿ ಇನ್ನೈದು ನಿಮಿಷ. ತಲೆ ತಿರುಗದಿದ್ದರೆ ನಿಂತು, ಒಬ್ಬರ ಹೆಗಲು ಹಿಡಿದು ನಾಲ್ಕು ಹೆಜ್ಜೆ. ಬಚ್ಚಲ ಬಾಗಿಲಿಗೆ ಒಳಗಿಂದ ಚಿಲಕ ಹಾಕಬಾರದು. ಮರಳಿ ಬಂದು ಮಲಗಿದ ಮೇಲೆ ಗಾಯವನ್ನು ಮತ್ತೆ ತೋರಿಸಬೇಕು, ಏಕೆಂದರೆ ಈ ಮೊದಲ ನಡಿಗೆಯ ನಂತರ ರಕ್ತ ಒಸರುವ ಸಂಭವವಿದೆ. ಕಣ್ಣು ಕತ್ತಲೆ, ಬೆವರು, ಓಕರಿಕೆ ಬಂದರೆ ಅಲ್ಲೇ ಮಲಗಿಸಿ.

ಹೃದಯಾಘಾತವಾಗಿ ತುರ್ತಿನಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಈ ವೇಗ ಹೊಂದುವುದಿಲ್ಲ. ಅವರನ್ನು ಯಾವಾಗ ನಡೆಸಬೇಕೆಂಬುದು ಹೃದಯದ ಸ್ಥಿತಿಯ ಮೇಲೆ ನಿಲ್ಲುತ್ತದೆ.

ಊರಿನ ದಾರಿ

ಹೈದರಾಬಾದಿನಿಂದ ಗದ್ವಾಲಕ್ಕೆ ಸುಮಾರು 190 ಕಿಲೋಮೀಟರ್. ತೊಡೆಯ ಗಾಯದವರು ಕಾಲು ಮಡಚಿ ಅಷ್ಟು ದೂರ ಬಸ್ಸಿನಲ್ಲಿ ಕೂರುವುದಕ್ಕಿಂತ ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ, ಓರೆಯಾಗಿ ಒರಗಿ, ಕಾಲು ಚಾಚಿಕೊಂಡು ಬರುವುದು ಮೇಲು. ತಾಸಿಗೊಮ್ಮೆ ಇಳಿದು ಎರಡು ನಿಮಿಷ ಅಡ್ಡಾಡಿ. ಬಸ್ಸೇ ಆದರೆ ಕಾಲು ಚಾಚಲು ಜಾಗವಿರುವ ಸೀಟು ಕೇಳಿ ಪಡೆಯಿರಿ. ರಾಯಚೂರಿನಿಂದ ಮಖ್ತಲಿಗೆ ಹತ್ತಿರವೇ ಎಂದು ಬೈಕಿನ ಹಿಂದೆ ಕೂರಿಸಿಕೊಂಡು ಬರಬೇಡಿ.

ಈ ಲಕ್ಷಣ ಕಂಡರೆ ದಾರಿಯಲ್ಲಾಗಲಿ ಮನೆಯಲ್ಲಾಗಲಿ ತಡಮಾಡದೆ 108ಕ್ಕೆ ಕರೆ ಮಾಡಿ: ಎದೆನೋವು, ಉಸಿರು ಕಟ್ಟುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಗಾಯದ ಹತ್ತಿರ ಬೆಳೆಯುವ ಇಲ್ಲವೆ ಮಿಡಿಯುವ ಗಂಟು, ಕಾಲು ಅಥವಾ ಕೈ ತಣ್ಣಗಾಗಿ ಬಣ್ಣಗೆಡುವುದು. ಹೊರಗೆ ಒಂದು ಹನಿ ರಕ್ತ ಕಾಣದಿದ್ದರೂ ಸೊಂಟ, ಕಿಬ್ಬೊಟ್ಟೆಯಲ್ಲಿ ಬಿಡದ ನೋವಿದ್ದು ತಲೆ ತಿರುಗುತ್ತಿದ್ದರೆ ಒಳಗೇ ಸ್ರಾವವಾಗುತ್ತಿರಬಹುದು. ಇದನ್ನು ವಾಯು ಎಂದು ಬಿಟ್ಟುಬಿಡುವುದೇ ಹೆಚ್ಚು, ದಯವಿಟ್ಟು ಬಿಡಬೇಡಿ.

ರಕ್ತ ಚಿಮ್ಮಿದರೆ ರೋಗಿಯನ್ನು ಅಂಗಾತ ಮಲಗಿಸಿ, ತೊಡೆಯಾದರೆ ತೂತಿನ ಎರಡು ಬೆರಳು ಮೇಲೆ, ಕೈಯಾದರೆ ತೂತಿನ ಮೇಲೇ, ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮಧ್ಯೆ ಮಧ್ಯೆ ಎತ್ತಿ ನೋಡಬಾರದು. ಅರಿಶಿನ, ಕಾಫಿ ಪುಡಿ, ಸುಣ್ಣ ಮೆತ್ತಬೇಡಿ. ಹಗ್ಗ, ಬಟ್ಟೆಯಿಂದ ಬಿಗಿದು ಕಟ್ಟಬೇಡಿ.

ಮನೆಯಲ್ಲಿ ಮೊದಲ ವಾರ

ಹಾಸಿಗೆ ಹಿಡಿಸಬೇಡಿ. ತಿಂಗಳುಗಟ್ಟಲೆ ಮಲಗಿಸಿ ಆರೈಕೆ ಮಾಡುವುದರಲ್ಲಿ ಪ್ರೀತಿಯಿದೆ, ಆದರೆ ಅದರಿಂದ ಮೈ ಸೊರಗುತ್ತದೆ, ಭಯ ಬೆಳೆಯುತ್ತದೆ. ತೊಂದರೆಯಿಲ್ಲದೆ ಮುಗಿದಿದ್ದರೆ ಬೆಳಿಗ್ಗೆ, ಸಂಜೆ ಐದೈದು ನಿಮಿಷ ಓಣಿಯಲ್ಲಿ ನಡೆಯಲಿ, ದಿನದಿನಕ್ಕೆ ಸ್ವಲ್ಪ ಹೆಚ್ಚಲಿ. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆಯೇ. ಊಟವಾದ ಕೂಡಲೇ ಬೇಡ.

ತೊಡೆಯ ಗಾಯದವರು ಮೊದಲ ಕೆಲವು ದಿನ ಕುಕ್ಕರಗಾಲಲ್ಲಿ ಕೂರದಂತೆ ಕಮೋಡ್ ಕುರ್ಚಿ ತಂದಿಡಿ, ಊಟಕ್ಕೂ ಕುರ್ಚಿ ಕೊಡಿ. ಒಂದು ವಾರ ನೀರಿನ ಕೊಡ, ಸಿಲಿಂಡರ್, ಅಕ್ಕಿ ಚೀಲ ಎತ್ತುವಂತಿಲ್ಲ, ಬೋರಿಂಗ್ ಹೊಡೆಯುವಂತಿಲ್ಲ. ಮರುದಿನದಿಂದ ಮೈಮೇಲೆ ನೀರು ಹಾಕಿಕೊಳ್ಳಬಹುದು. ಬೀಚುಪಲ್ಲಿಯಲ್ಲಿ ಕೃಷ್ಣೆಗೆ ಮುಳುಗುವ ಹರಕೆಯಿದ್ದರೆ ಗಾಯ ಪೂರ್ತಿ ಒಣಗುವವರೆಗೆ ಕಾಯಲಿ, ಕೆರೆ, ಬಾವಿ, ಕಾಲುವೆಗೂ ಇದೇ ಮಾತು.

ಕೈಯಿಂದ ಮಾಡಿಸಿಕೊಂಡ ಹೆಣ್ಣುಮಕ್ಕಳು ಮನೆಗೆ ಬಂದ ಮರುದಿನವೇ ಹಿಟ್ಟು ನಾದಿ ಜೋಳದ ರೊಟ್ಟಿ ಬಡಿಯಲು ಕೂರುತ್ತಾರೆ. ಮಣಿಕಟ್ಟಿಗೆ ಅದಕ್ಕಿಂತ ಭಾರದ ಕೆಲಸವಿಲ್ಲ. ಕೆಲವು ದಿನ ಬೇರೆಯವರು ಬಡಿಯಲಿ. ನಾರಾಯಣಪೇಟೆ, ಗದ್ವಾಲದ ನೇಕಾರರಿಗೂ ಇದೇ ಚಿಂತೆ: ಗುಂಡಿಮಗ್ಗದಲ್ಲಿ ಕೈ ಲಾಳಿ ಓಡಿಸುತ್ತದೆ, ಕಾಲು ಹಲಗೆ ತುಳಿಯುತ್ತದೆ, ಸೊಂಟ ಮಡಚಿಯೇ ಇರುತ್ತದೆ. ಯಾವ ಕಡೆಯಿಂದ ಮಾಡಿದ್ದರೂ ಒಂದು ವಾರ ಬಿಟ್ಟು, ವೈದ್ಯರನ್ನು ಕೇಳಿ, ಅರ್ಧ ತಾಸಿನಿಂದ ಶುರುಮಾಡಲಿ. ಡಿಸ್ಚಾರ್ಜ್ ದಿನ ಬರೀ ಕೆಲಸಕ್ಕೆ ಯಾವಾಗ ಹೋಗಲಿ ಎಂದು ಕೇಳಿದರೆ ಸಾಲದು, ಮಗ್ಗದ ಕೆಲಸ ಹೇಗಿರುತ್ತದೆಂದು ವೈದ್ಯರಿಗೆ ವಿವರಿಸಿ.

ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಮತ್ತು ಅದರ ಜೊತೆಯ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್ ಗುಳಿಗೆಯನ್ನು ಒಂದು ಹೊತ್ತೂ ತಪ್ಪಿಸಬಾರದು. ವಸಡಿನಲ್ಲಿ ರಕ್ತ ಬಂತೆಂದು, ಹಲ್ಲು ಕೀಳಿಸಬೇಕೆಂದು, ಊರಿನ ಆರ್‌ಎಂಪಿ ಹೇಳಿದರೆಂದು ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ಮೈಕೈ ನೋವಿಗೆಂದು ಡಿಕ್ಲೊಫೆನಾಕ್ ಸೂಜಿ ಹಾಕಿಸಿಕೊಳ್ಳುವ ಮುಂಚೆ ಡಿಸ್ಚಾರ್ಜ್ ಚೀಟಿ ತೋರಿಸಿ. ಮೆಟ್‌ಫಾರ್ಮಿನ್ ನಿಲ್ಲಿಸಿದ್ದರೆ ಎಂದಿನಿಂದ ಮತ್ತೆ ನುಂಗಬೇಕೆಂದು ಆಸ್ಪತ್ರೆ ಬಿಡುವ ಮುಂಚೆಯೇ ಬರೆಸಿಕೊಳ್ಳಿ. ಆ ಚೀಟಿಯ ಫೋಟೊ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ. ರಾತ್ರಿ 108 ಬಂದು ಬೇರೆ ಆಸ್ಪತ್ರೆಗೆ ಒಯ್ದರೆ ಅಲ್ಲಿನ ವೈದ್ಯರು ಮೊದಲು ಕೇಳುವುದು ಅದನ್ನೇ.